ಮೈಲಾರಲಿಂಗನ ಸಂಸಾರ

ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಮಾಲತೇಶ, ಅಂದರೆ ಮೈಲಾರಲಿಂಗ, ಮಣಿ-ಮಲ್ಲರೆಂಬ ರಕ್ಕಸರನ್ನು ಕೊಂದ ಶಿವನ ಅವತಾರ. ಭಕ್ತರಿಗೋ ಅವನು ಅಪ್ಪಟ ಸಂಸಾರವಂದಿಗ. ಮಡದಿ ಗಂಗಿಮಾಳವ್ವ, ಜನಪದ ಕಥೆಗಳಲ್ಲಿ ಕುರುಬರ ಮನೆಯ ಕುರುಬತ್ತೆವ್ವ ಎರಡನೆಯವಳು. ಮಹಾರಾಷ್ಟ್ರದ ಖಂಡೋಬನದೂ ಇದೇ ಕಥೆ: ವಾಣಿ ಕುಲದ ಮ್ಹಾಳಸಾ, ಕುರಿಗಾಹಿ ಧನಗರರ ಬಾಣಾಯಿ.

ನಿರಾಕಾರ ಪರಶಿವನಿಗೆ ಇಬ್ಬರು ಹೆಂಡಿರೇಕೆ? ಮಡದಿಯೆಂದರೆ ಶಕ್ತಿಯ ರೂಪ ಎಂದು ಶಾಸ್ತ್ರ ಹೇಳಿ ಮುಗಿಸುತ್ತದೆ. ಆದರೆ ಎರಡನೆಯ ಮಡದಿ ಕುರುಬರವಳೇ ಏಕಾಗಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಹೆಣ್ಣು ಕೊಟ್ಟ ಕುಲಕ್ಕೆ ದೇವರು ಅಳಿಯ. ಅಳಿಯನ ಮೇಲೆ ಹಕ್ಕು, ಸಲಿಗೆ ಎರಡೂ ಉಂಟು. ಪುರಾಣ ಕೊಡದ ನಂಟನ್ನು ಮದುವೆ ಕೊಟ್ಟಿತೆನ್ನುವುದೇ ಹೆಚ್ಚು ಒಪ್ಪುವ ಮಾತು.

ಈ ಮನೆತನದಲ್ಲಿ ನಾಯಿಗೂ ಜಾಗವಿದೆ. ಕರಿಕಂಬಳಿ ಹೊದ್ದು, ಡಮರು ಹಿಡಿದು, ಭಂಡಾರದ (ಅರಿಶಿನ ಪುಡಿಯ) ಚೀಲ ತೂಗಿಸಿಕೊಂಡ ಗೊರವಯ್ಯ, ಅಂದರೆ ಮೈಲಾರಲಿಂಗನ ದೀಕ್ಷೆ ಪಡೆದ ಭಕ್ತ, ದೇವರ ನಾಯಿಯಾಗಿ ಬೊಗಳುತ್ತಾನೆ; ದೋಣಿ ಎಂಬ ಪಾತ್ರೆಗೆ ಸುರಿದ ಹಾಲು-ಬಾಳೆಹಣ್ಣಿಗೆ ನೇರ ಬಾಯಿ ಹಾಕುತ್ತಾನೆ. ಅದೇ ಗೊರವ ಪರಂಪರೆಯವನು ಮಹಾನವಮಿಯ ಹೊತ್ತಿಗೆ ದೇವರಗುಡ್ಡದಲ್ಲಿ ಬಿಲ್ಲೇರಿ, ಜನರನ್ನು ಸುಮ್ಮನಾಗಿಸಿ, ಒಂದೇ ಸಾಲಿನ ಕಾರ್ಣಿಕ, ಅಂದರೆ ಭವಿಷ್ಯವಾಣಿ, ನುಡಿಯುತ್ತಾನೆ. ಅದನ್ನು ರೈತರು ಮಳೆ-ಬೆಳೆಗೆ, ರಾಜಕಾರಣಿಗಳು ಕುರ್ಚಿಗೆ ಅನ್ವಯಿಸಿಕೊಳ್ಳುತ್ತಾರೆ.