ಶಿಫಾರಸು ಮತ್ತು ಸರದಿ

ಹಕ್ಕು, ಅರ್ಜಿ, ಶಿಫಾರಸು. ಮೂರೂ ಅರಬ್ಬಿ-ಫಾರಸಿಯ ದಾರಿಯಾಗಿ ಕನ್ನಡಕ್ಕೆ ಬಂದು ನಮ್ಮವೇ ಆಗಿಹೋದ ಪದಗಳು. ಉರ್ದುವಿನಲ್ಲಿ ‘ಹಕ್’ ಎಂದರೆ ಸತ್ಯವೆಂಬ ಅರ್ಥವೂ ಇದೆ. ಸತ್ಯಕ್ಕೆ ಶಿಫಾರಸು ಬೇಕೆ? ತರ್ಕದಲ್ಲಿ ಬೇಡ. ಕಚೇರಿಯ ಮೆಟ್ಟಿಲಲ್ಲಿ ಕಾದವರನ್ನು ಕೇಳಿದರೆ ಬೇರೆ ಉತ್ತರ ಸಿಗುತ್ತದೆ.

ಕಾಪುವಿನ ಕಡಲ ಬದಿಯ ಒಬ್ಬ ತಾಯಿಯನ್ನು ಊಹಿಸಿಕೊಳ್ಳೋಣ. ಮಗನಿಗೆ ನಡೆಯಲಾಗದು. ಕಾನೂನು ಕೇಳುವುದು ಕನಿಷ್ಠ ಶೇಕಡಾ 40 ಅಂಗವೈಕಲ್ಯ. ಪ್ರಮಾಣಪತ್ರದಲ್ಲಿ ಬರೆದಿರುವುದು 35. ಮೇಲ್ಮನವಿಗೆ 2016ರ ಕಾಯಿದೆಯಲ್ಲೇ ಅವಕಾಶವಿದೆ. ಆಕೆ ಸಲ್ಲಿಸಿದ್ದಾಳೆ, ತಿಂಗಳುಗಳು ಉರುಳಿವೆ. ಮಗನನ್ನೆತ್ತಿಕೊಂಡು ಉಡುಪಿಯಲ್ಲಿ ಬಸ್ಸು ಬದಲಿಸಿ ಮಣಿಪಾಲದ ರಜತಾದ್ರಿಗೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು. ನೆರೆಯವರು ಹೇಳುತ್ತಾರೆ: “ಶಾಸಕರಿಂದ ಒಂದು ಮಾತು ಹೇಳಿಸಿ ಅಕ್ಕಾ.”

ಇದು ಸರದಿ ತಪ್ಪಿಸುವ ಕೆಲಸವೆಂದು ನಮ್ಮ ವಿದ್ಯಾವಂತರು ಮೂಗು ಮುರಿಯುವುದುಂಟು. ಕಚೇರಿಯೊಳಗೆ ಅಳಿಯನೋ ಸಹಪಾಠಿಯೋ ಇರುವವರು ಶಾಸಕರ ಬಾಗಿಲಿಗೆ ಹೋಗುವ ಪ್ರಮೇಯವೇ ಇಲ್ಲವಲ್ಲ! ಯಾರೂ ಇಲ್ಲದವರಿಗೆ ಅವರೇ ಬಂಧು.

ಆದರೂ ಒಂದು ಮುಳ್ಳು ಉಳಿಯುತ್ತದೆ. ಫೋನು ಬಂದೊಡನೆ ಈ ಕಡತ ಮೇಲೆ ಬಂದರೆ, ಅದೇ ರಾಶಿಯಲ್ಲಿರುವ ಕಾರ್ಕಳದ ಕಲ್ಲುಕೋರೆಯ ಕೂಲಿಯೊಬ್ಬನ ಕಡತ ಒಂದು ಸ್ಥಾನ ಕೆಳಗಿಳಿಯುತ್ತದೆ. ಅವನಿಗೆ ಫೋನು ಮಾಡಿಸುವವರಿಲ್ಲ.

ಗಡಿಯಾಚೆಯ ಕಾಸರಗೋಡಿನಲ್ಲಿ ಇದು ದೊಡ್ಡ ಪ್ರಮಾಣದಲ್ಲೇ ನಡೆಯಿತು. ಎಂಡೋಸಲ್ಫಾನ್ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಕೇರಳ ಸರಕಾರಕ್ಕೆ ಆದೇಶಿಸಿತ್ತು. ಐದು ವರ್ಷ ಕಳೆದು 2022ರಲ್ಲಿ ನೋಡಿದರೆ, 3,704 ಸಂತ್ರಸ್ತರಲ್ಲಿ ಪರಿಹಾರ ಮುಟ್ಟಿದ್ದು 8 ಮಂದಿಗೆ. ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದವರು ಆ ಎಂಟು ಮಂದಿಯೇ. ಅವರು ಮಾಡಿದ್ದು ತಪ್ಪೆಂದು ಯಾರು ಹೇಳಿಯಾರು? ಬಾಗಿಲು ಬಡಿದವರಿಗಷ್ಟೇ ತೆರೆದು, ಉಳಿದವರ ಮುಖಕ್ಕೆ ಅದನ್ನು ಮುಚ್ಚಿದ ಕೈಯನ್ನು ಪ್ರಶ್ನಿಸಬೇಕು. ನ್ಯಾಯಾಲಯ ಪ್ರಶ್ನಿಸಿತು ಕೂಡ.

ನಮ್ಮ ರಾಜ್ಯದಲ್ಲಿ ‘ಸಕಾಲ’ ಇದೆ. ಆ ಪಟ್ಟಿಯಲ್ಲಿರುವ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ಬಡವರ ಕಾಯುವಿಕೆಗೆ ಬೆಲೆ ಕಟ್ಟಿದವರು ಉದಾರಿಗಳೇನಲ್ಲ. ಅದನ್ನಾದರೂ ಕೇಳಿ ಪಡೆದವರನ್ನು ನಾವು ಕಂಡಿಲ್ಲ.

ಆ ತಾಯಿ ಶಾಸಕರೆದುರು ಮಗನ ವಿಷಯವನ್ನಷ್ಟೇ ಹೇಳಲಿ. ಕಾರ್ಕಳದವನನ್ನೂ ನೆನೆಯಮ್ಮಾ ಎಂದು ಆಕೆಗೆ ಉಪದೇಶಿಸುವುದು ಹೊಟ್ಟೆ ತುಂಬಿದವರ ಮಾತಾದೀತು. ಅವನನ್ನು ನೆನೆಯಬೇಕಾದವರು ಶಾಸಕರು, ಮತ್ತು ಆಕೆಗೆ ಮನವಿ ಬರೆದುಕೊಡುವ ನಾವು. “ಇವರ ಕೆಲಸ ಮಾಡಿಕೊಡಿ” ಎನ್ನುವ ಫೋನಿನಲ್ಲೇ, “ಇದಕ್ಕಿಂತ ಮೊದಲು ಬಂದವು ಎಷ್ಟಿವೆ? ಯಾವ ತಾರೀಖಿನಿಂದ ಬಾಕಿ?” ಎಂದೂ ಕೇಳಬಹುದು. ಉತ್ತರ ಬಾರದಿದ್ದರೆ ಅದೇ ಪ್ರಶ್ನೆಯನ್ನು ವಿಧಾನಸಭೆಯಲ್ಲಿ ಲಿಖಿತವಾಗಿ ಕೇಳುವ ಅಧಿಕಾರ ಅವರಿಗಿದೆ. ಅಲ್ಲಿ ಉತ್ತರ ಕೊಡಬೇಕಾದವರು ಮಂತ್ರಿಗಳು. ಮುಂದಿನ ಬಾರಿ ಮನವಿ ಬರೆಯುವಾಗ ಆ ಎರಡು ಸಾಲನ್ನೂ ಸೇರಿಸುವುದಕ್ಕೆ ನಮಗೆ ಹೆಚ್ಚಿನ ಕಾಗದವೇನೂ ಬೇಡ.