ಸಿಟ್ಟಿನ ವಿಳಾಸ

ಗುರುತು ಪರಿಚಯವಿಲ್ಲದ ಒಬ್ಬರ ಮೇಲೆ ನೀವು ಕೊನೆಯ ಸಲ ರೇಗಾಡಿದ್ದು ಯಾವಾಗ? ಸ್ವಲ್ಪ ಜ್ಞಾಪಿಸಿಕೊಳ್ಳಿ. ನನ್ನದು ಕಳೆದ ತಿಂಗಳು.

ಮನೆಯ ಬಟ್ಟೆ ಒಗೆಯುವ ಮೆಷಿನ್ನು ಹೊಟ್ಟೆ ತುಂಬ ನೀರು, ಬಟ್ಟೆ ತುಂಬಿಕೊಂಡು ನಿಂತುಬಿಟ್ಟಿತು. ಗ್ಯಾರಂಟಿ ಅವಧಿ ಇನ್ನೂ ಮುಗಿದಿರಲಿಲ್ಲ. ಕಂಪನಿಗೆ ಫೋನ್ ಮಾಡಿದೆ. ಮೊದಲು ಧ್ವನಿಮುದ್ರಿಕೆ: ಕನ್ನಡಕ್ಕೆ ಈ ಅಂಕಿ ಒತ್ತಿ, ದುರಸ್ತಿಗೆ ಆ ಅಂಕಿ ಒತ್ತಿ. ಆಮೇಲೆ ಸಂಗೀತ. ಸಂಗೀತದ ನಡುನಡುವೆ, ನಿಮ್ಮ ಕರೆ ನಮಗೆ ಅಮೂಲ್ಯವಾದದ್ದು ಎಂಬ ಭರವಸೆ. ಕೊನೆಗೆ ಮನುಷ್ಯರ ದನಿ ಕೇಳಿಸಿ, ನಾಳೆ ಮೆಕ್ಯಾನಿಕ್ ಬರುತ್ತಾರೆ ಎಂದಿತು. ಅಂಥ ನಾಲ್ಕು ನಾಳೆಗಳು ಕಳೆದವು. ಪ್ರತಿ ಸಲವೂ ಬೇರೆ ಬೇರೆಯವರು, ಪ್ರತಿ ಸಲವೂ ಕಥೆಯನ್ನು ಮೊದಲಿನಿಂದ ಹೇಳಬೇಕು. ಐದನೆಯ ಸಲ ಒಬ್ಬ ಹುಡುಗಿ ಸಿಕ್ಕಳು. ನಾಲ್ಕು ದಿನದ ಸಿಟ್ಟನ್ನೆಲ್ಲ ಅವಳ ಮೇಲೆ ಸುರಿದೆ. ಅವಳು ನಡುವೆ ಒಂದೂ ಮಾತಾಡಲಿಲ್ಲ. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ, "ಸರ್, ನಾನು ದೂರು ಬರೆದುಕೊಳ್ಳಬಹುದು, ಅಷ್ಟೇ ಸರ್" ಅಂದಳು.

ಫೋನ್ ಇಟ್ಟಮೇಲೆ ಮನಸ್ಸು ಹಗುರವಾಯಿತು, ಸುಳ್ಳೇಕೆ ಹೇಳಲಿ! ಮೆಷಿನ್ನು ಮಾತ್ರ ಹಾಗೆಯೇ ನಿಂತಿತ್ತು. ಸಂಜೆ ನೋಡುತ್ತೇನೆ, ಐದು ವರ್ಷದ ಮೊಮ್ಮಗಳು ಟಿವಿ ರಿಮೋಟನ್ನು ಕಿವಿಗೆ ಹಿಡಿದು ಓಡಾಡುತ್ತಿದ್ದಾಳೆ. "ನಿಮಗೆಲ್ಲ ಸಂಬಳ ಯಾಕೆ ಕೊಡ್ತಾರೆ? ಮೇಲಿನೋರನ್ನ ಕರೀರಿ!" ಅಕ್ಷರಶಃ ನನ್ನದೇ ಮಾತು, ನನ್ನದೇ ರಾಗ. ಸೊಸೆ ನಕ್ಕಳು. ನನಗೆ ನಗು ಬರಲಿಲ್ಲ.

ಆ ಹುಡುಗಿ ಮಾಡಿದ ತಪ್ಪಾದರೂ ಏನು? ಮೆಷಿನ್ನು ತಯಾರಿಸಿದವಳು ಅವಳಲ್ಲ. ಊರಿಗೆ ಇಷ್ಟೇ ಮೆಕ್ಯಾನಿಕ್‌ಗಳು ಸಾಕು ಎಂದು ಲೆಕ್ಕ ಹಾಕಿದವಳೂ ಅವಳಲ್ಲ. ಇಂಥ ಕೆಲಸದಲ್ಲಿ ಒಂದು ಕರೆಗೆ ಎಷ್ಟು ನಿಮಿಷ ಹಿಡಿಯಿತೆಂದು ಲೆಕ್ಕವಿಡುತ್ತಾರೆ, ಆಡಿದ ಮಾತನ್ನು ಮುದ್ರಿಸಿಕೊಳ್ಳುತ್ತಾರೆ, ಕೊನೆಗೆ ನಮ್ಮಿಂದಲೇ ಅಂಕ ಕೊಡಿಸುತ್ತಾರೆ. ಏನು ಹೇಳಬೇಕೆಂಬುದನ್ನೂ ಮೊದಲೇ ಬರೆದುಕೊಟ್ಟಿರುತ್ತಾರೆ. ಬೈಗುಳ ಕೇಳುವುದಕ್ಕೆ ಅವಳಿದ್ದಾಳೆ, ತೀರ್ಮಾನ ಮಾಡುವವರು ಬೇರೆಲ್ಲೋ ಇದ್ದಾರೆ, ಅವರ ಫೋನ್ ಸಂಖ್ಯೆ ನಮಗೆ ಸಿಗುವುದಿಲ್ಲ. ಮಳೆನೀರು ಗೋಡೆಗೆ ತಾಗದಿರಲೆಂದು ದೋಣಿತಗಡು ಹಾಕಿಸುತ್ತೇವಲ್ಲ, ನಮ್ಮ ಸಿಟ್ಟು ದೊಡ್ಡವರ ಕೋಣೆಗೆ ತಾಗದಂತೆ ಹಾಗೆಯೇ ಹರಿದುಹೋಗಲು ದಾರಿ ಮಾಡಿಟ್ಟಿದ್ದಾರೆ. ಆ ದಾರಿಯಲ್ಲಿ ಕುಳಿತವಳು ಒಬ್ಬ ಹೆಣ್ಣುಮಗಳು.

ಬಸ್ಸಿನಲ್ಲೂ ಇದೇ ಕಥೆ. ಬೆಂಗಳೂರಿನ ಬಸ್ಸಿನಲ್ಲಿ ಬೆಳಗಿನ ಮೊದಲ ಟ್ರಿಪ್ಪಿಗೆ ಹತ್ತಿ 500ರ ನೋಟು ಚಾಚುವವರು ನಾವೇ. ಕಂಡಕ್ಟರು ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಟ್ಟರೆ ಮುಖ ಗಂಟಿಕ್ಕುವವರೂ ನಾವೇ. ಈಗ ಕ್ಯೂಆರ್ ಕೋಡ್ ಬಂದಿದೆ. ಮೊಬೈಲಿಗೆ ಸಿಗ್ನಲ್ ಸಿಗದೆ ಚಕ್ರ ಸುತ್ತುತ್ತಲೇ ಇದ್ದರೆ ಅದಕ್ಕೂ ಕಂಡಕ್ಟರನೇ ಹೊಣೆ! 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳು ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸುತ್ತಿದ್ದಾರೆ. ಒಳ್ಳೆಯದೇ. ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸು ಉಳಿದ ಹಣದಲ್ಲಿ ಮಗನಿಗೆ ಟ್ಯೂಷನ್ ಹಾಕಿದ್ದಾಳೆ. ಆದರೆ ಉಚಿತವೆಂದಮಾತ್ರಕ್ಕೆ ಟಿಕೆಟ್ ಬೇಡವೆಂದಲ್ಲ. ಆ ನೂಕುನುಗ್ಗಲಿನಲ್ಲಿ ಪ್ರತಿಯೊಬ್ಬರ ಗುರುತಿನ ಚೀಟಿ ನೋಡಿ ಶೂನ್ಯ ದರದ ಟಿಕೆಟ್ ಹರಿದುಕೊಡಬೇಕು. ಸೀಟಿಲ್ಲ, ಬಸ್ಸು ತಡ, ಆಧಾರ್ ಕಾಣಿಸುತ್ತಿಲ್ಲ, ಎಲ್ಲದರ ಗೊಣಗಾಟವೂ ಟಿಕೆಟ್ ಯಂತ್ರ ಹಿಡಿದು ನಿಂತಿರುವ ಆ ಒಬ್ಬನ ಕಿವಿಗೇ.

ಹಾಗಾದರೆ ತೆಪ್ಪಗಿರಬೇಕೇ? ತಾಳ್ಮೆಯೇ ದೊಡ್ಡದು ಎಂದು ಹೇಳಿ ಈ ಲೇಖನ ಮುಗಿಸಿಬಿಡುವುದು ನನಗೆ ಸುಲಭವಿತ್ತು. ಮೊದಲು ಹಾಗೆಯೇ ಬರೆಯಬೇಕೆಂದಿದ್ದೆ. ಆದರೆ ನ್ಯಾಯಬೆಲೆ ಅಂಗಡಿಯ ಮುಂದೆ ಕಂಡ ಒಬ್ಬ ಅಜ್ಜಿ ನೆನಪಾಗಿ ಪೆನ್ನು ನಿಂತಿತು. ಜೀವಮಾನವಿಡೀ ಗಾರೆ ಕೆಲಸ ಮಾಡಿದ ಕೈ. ಬೆರಳಿನ ಗೆರೆಗಳು ಸವೆದುಹೋಗಿವೆ. ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತುತ್ತಾಳೆ, ಅದು ಒಪ್ಪುವುದಿಲ್ಲ. ಸೆರಗಿಗೆ ಒರೆಸಿ ಮತ್ತೆ ಒತ್ತುತ್ತಾಳೆ. "ಸರ್ವರ್ ಇಲ್ಲಮ್ಮ, ನಾಳೆ ಬಾ" ಎನ್ನುತ್ತಾನೆ ಅಂಗಡಿಯವನು. ಅವಳು ಜಗಳವಾಡಲಿಲ್ಲ. ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟಳು. ಅವಳ ಲೆಕ್ಕದಲ್ಲಿ ನಾಳೆ ಎಂದರೆ ಇನ್ನೊಂದು ದಿನದ ಕೂಲಿ.

ಆ ಅಜ್ಜಿಯ ಸಹನೆಯನ್ನು ಮೆಚ್ಚಿ ಬರೆಯಲು ನನ್ನ ಮನಸ್ಸಾಕ್ಷಿ ಒಪ್ಪುವುದಿಲ್ಲ. ನೀವು ಒಪ್ಪುತ್ತೀರೋ ಇಲ್ಲವೋ, ನನಗೆ ಅನ್ನಿಸುವುದು ಹೀಗೆ: ಕಳೆದುಹೋದದ್ದು ನನ್ನ ಸಮಯವಾದರೆ ತಾಳಿಕೊಳ್ಳುವ ಹಕ್ಕು ನನಗುಂಟು. ಇನ್ನೊಬ್ಬರ ಕೂಲಿ ಕಳೆದುಹೋಗುತ್ತಿರುವಾಗ ಅವರ ಪರವಾಗಿ ತಾಳ್ಮೆ ತಾಳಲು ನಾನು ಯಾರು? ಅಲ್ಲಿ ಸಿಟ್ಟು ಬರಬೇಕು. ಆದರೆ ಅದು ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗಿ ಮುಟ್ಟಬೇಕು. ಅಂಗಡಿಯವನಿಗೆ ಬೈದರೆ ಸರ್ವರ್ ಎದ್ದು ಕೂರುವುದಿಲ್ಲ.

ಅದಕ್ಕೆ ದಾರಿಗಳಿಲ್ಲವೆಂದಲ್ಲ. ಗ್ರಾಹಕರ ರಕ್ಷಣೆಗೆ ನಮ್ಮ ದೇಶದಲ್ಲಿ 1986ರಲ್ಲೇ ಕಾಯ್ದೆ ಬಂತು. ಅದರ ಜಾಗದಲ್ಲಿ 2019ರ ಹೊಸ ಕಾಯ್ದೆ 2020ರ ಜುಲೈಯಲ್ಲಿ ಜಾರಿಯಾಯಿತು. ಈಗ ನಾವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಎಲ್ಲಿದೆಯೆಂದು ಹುಡುಕಿಕೊಂಡು ಹೋಗಬೇಕಿಲ್ಲ. ವಕೀಲರೇ ಬೇಕೆಂದಿಲ್ಲ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಅದಕ್ಕೂ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. (ಅಲ್ಲೂ ಅಂಕಿ ಒತ್ತಬೇಕು, ಬೇಸರಪಡಬೇಡಿ.) ಇಷ್ಟೆಲ್ಲ ಇದ್ದೂ ನಾವೇಕೆ ಹೋಗುವುದಿಲ್ಲ? ನನ್ನ ಮಟ್ಟಿಗೆ ಹೇಳುವುದಾದರೆ, ಸೋಮಾರಿತನ. ರಸೀದಿ ಹುಡುಕಬೇಕು, ತಾರೀಕು ಬರೆಯಬೇಕು, ಅರ್ಧ ದಿನ ಕೂರಬೇಕು. ಕೂಗಾಡುವುದಕ್ಕೆ ಎರಡೇ ನಿಮಿಷ ಸಾಕು, ಕೆಲಸ ಮುಗಿಸಿದ ಸಮಾಧಾನವೂ ಪುಕ್ಕಟೆ ಸಿಗುತ್ತದೆ. ನಮ್ಮ ಕೂಗಾಟವನ್ನು ನಾವು ಧೈರ್ಯವೆಂದು ತಿಳಿದಿದ್ದೇವೆ. ಕೂಗುವುದು ಮಾತ್ರ ತಿರುಗಿ ಬಯ್ಯಲಾಗದವರ ಮೇಲೆಯೇ, ಗಮನಿಸಿ ನೋಡಿ.

ಮೊಮ್ಮಗಳ ಆಟ ನೋಡಿದ ರಾತ್ರಿ ರಸೀದಿ ಹುಡುಕಿ ತೆಗೆದೆ. ಐದು ಕರೆಗಳ ತಾರೀಕು, ಕೊಟ್ಟ ದೂರಿನ ಸಂಖ್ಯೆಗಳು, ಇಷ್ಟು ದಿನದೊಳಗೆ ಸರಿಪಡಿಸದಿದ್ದರೆ ಆಯೋಗಕ್ಕೆ ಹೋಗುತ್ತೇನೆಂಬ ಒಂದು ವಾಕ್ಯ. ಒಂದೂ ಬೈಗುಳವಿಲ್ಲ. ಕಂಪನಿಯ ಮುಖ್ಯ ಕಚೇರಿಗೆ ಅಂಚೆಯಲ್ಲಿ ಕಳುಹಿಸಿದೆ. ಕೊನೆಯಲ್ಲಿ, ಫೋನ್ ತೆಗೆದುಕೊಂಡ ನಿಮ್ಮ ಸಿಬ್ಬಂದಿಯ ತಪ್ಪೇನೂ ಇಲ್ಲವೆಂದೂ ಸೇರಿಸಿದೆ. ಎಂಟನೆಯ ದಿನ ಮೆಕ್ಯಾನಿಕ್ ಬಂದ. ನೀರು ಹೊರಹಾಕುವ ಪಂಪು ಕೆಟ್ಟಿತ್ತಂತೆ, ಮುಕ್ಕಾಲು ಗಂಟೆಯ ಕೆಲಸ. ಪತ್ರದಿಂದ ಬಂದನೋ ಸರದಿ ಬಂದದ್ದರಿಂದ ಬಂದನೋ, ಕೇಳಿದರೆ ಅವನಿಗೂ ಗೊತ್ತಿರಲಿಲ್ಲ.

ಅಷ್ಟಕ್ಕೇ ಮನಸ್ಸು ನೆಮ್ಮದಿಯಾಗಲಿಲ್ಲ. ಆ ಹುಡುಗಿಯ ಕ್ಷಮೆ ಕೇಳೋಣವೆಂದು ಮತ್ತೆ ಅದೇ ಸಂಖ್ಯೆಗೆ ಫೋನ್ ಮಾಡಿದೆ. ಅಂಕಿಗಳು, ಸಂಗೀತ, ಅಮೂಲ್ಯ ಕರೆ, ಎಲ್ಲ ಆಯಿತು. ಈ ಸಲ ಒಬ್ಬ ಹುಡುಗ. ಇಂಥ ದಿನ ಇಷ್ಟು ಹೊತ್ತಿಗೆ ಮಾತಾಡಿದವರು ಬೇಕಾಗಿತ್ತು ಎಂದೆ. "ಹಾಗೆ ಕನೆಕ್ಟ್ ಮಾಡೋಕೆ ಆಗಲ್ಲ ಸರ್. ನಾವು ತುಂಬ ಜನ ಇದ್ದೇವೆ. ಯಾವ ಊರಿನಲ್ಲಿ ಯಾರಿದ್ದಾರೋ ನಮಗೂ ಗೊತ್ತಾಗಲ್ಲ." ಹಾಗಾದರೆ ನಿಮ್ಮ ಹತ್ತಿರವೇ ಕೇಳುತ್ತೇನಪ್ಪ, ಅವತ್ತು ಒರಟಾಗಿ ಮಾತಾಡಿಬಿಟ್ಟೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದೆ. ಆ ಕಡೆ ಕೆಲವು ಕ್ಷಣ ಸದ್ದಿಲ್ಲ. ಹಿಂದೆ ಬೇರೆಯವರ ಮಾತಿನ ಗುಜುಗುಜು ಮಾತ್ರ ಕೇಳುತ್ತಿತ್ತು.

"ಪರವಾಗಿಲ್ಲ ಸರ್," ಅಂದ. ಮತ್ತೆ ಸ್ವಲ್ಪ ತಡೆದು, "ಇನ್ನೇನಾದರೂ ಸಹಾಯ ಬೇಕಿತ್ತಾ ಸರ್?"