ಊಟ ಬಿಟ್ಟ ಹಲ್ಲಿ ಮತ್ತು ಆರೈಕೆಯ ಐದು ಗುಣ

*ಇಂದಿನ ಧಮ್ಮ ಚಿಂತನೆ*





ನಮ್ಮ ಬಳಗದ ಉಪಾಸಿಕೆಯೊಬ್ಬರು ಒಂದು ಪ್ರಶ್ನೆ ಕೇಳಿದ್ದಾರೆ. ಬೆಂಗಳೂರಿನಲ್ಲಿ ಪಿಯುಸಿ ಓದುವ ಅವರ ಮಗ ಲೆಪರ್ಡ್ ಗೆಕ್ಕೊ ಸಾಕಿದ್ದಾನೆ. ಅದು ನಮ್ಮ ಗೋಡೆಹಲ್ಲಿಯ ದೂರದ ನೆಂಟ. ಮೈಮೇಲೆ ಚಿರತೆಯಂಥ ಚುಕ್ಕೆ, ದಪ್ಪ ಬಾಲ. ಹನ್ನೆರಡು ದಿನದಿಂದ ಅದು ಏನನ್ನೂ ತಿಂದಿಲ್ಲ. ಅದನ್ನು ನೋಡಿ ಹುಡುಗನಿಗೂ ಅನ್ನ ಸೇರುತ್ತಿಲ್ಲ. ಪಕ್ಕದ ಮನೆಯವರು, “ಮನೆಯಲ್ಲಿ ಹಲ್ಲಿ ಉಪವಾಸ ಸತ್ತರೆ ದೋಷ, ಕಂಚಿಗೆ ಹೋಗಿ ಬಂಗಾರದ ಹಲ್ಲಿ ಮುಟ್ಟಿ ಬನ್ನಿ” ಅಂದರಂತೆ.

ಆ ತಾಯಿ ಕೇಳಿದ್ದು ಇಷ್ಟು: “ಮೇಷ್ಟ್ರೇ, ದೋಷ ಗೀಷ ನಾವು ನಂಬಲ್ಲ. ಆದರೆ ಅದಕ್ಕೆ ಜೀವಂತ ಹುಳ ಹಾಕಬೇಕು. ಪಂಚಶೀಲ ತಗೊಂಡ ಮನೆಯಲ್ಲಿ ಅದು ಸರಿಯಾ? ಈಗ ಹಾಕಿದರೂ ತಿನ್ನುತ್ತಿಲ್ಲ. ಬಾಯಿ ಬಿಡಿಸಿ ತುರುಕಬೇಕಾ, ಸುಮ್ಮನೆ ಬಿಡಬೇಕಾ?”

ಸಣ್ಣ ಪ್ರಾಣಿಯ ವಿಷಯ ಎಂದು ತಳ್ಳಿಹಾಕುವಂತಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಹದಿಮೂರನೆಯದು ಸಕಲ ಜೀವಿಗಳಿಗೆ ಕರುಣೆ ತೋರಿ ಅವನ್ನು ಕಾಪಾಡುವ ಪ್ರತಿಜ್ಞೆ. ಅದರಲ್ಲಿ ಹಲ್ಲಿಯೂ ಸೇರುತ್ತದೆ.

*ಮೊದಲನೆಯದು, ದೋಷದ ಮಾತು.*

ಪಂಚಾಂಗದಲ್ಲಿ ಹಲ್ಲಿ ಶಕುನದ ಪಟ್ಟಿ ನೋಡಿದ್ದೀರಿ. ತಲೆಯ ಮೇಲೆ ಬಿದ್ದರೆ ಒಂದು ಫಲ, ಭುಜದ ಮೇಲೆ ಬಿದ್ದರೆ ಇನ್ನೊಂದು ಫಲ. ಆ ಪಟ್ಟಿಯನ್ನು ಎಷ್ಟು ಸಲ ಓದಿದರೂ ಬಿದ್ದ ಹಲ್ಲಿಗೆ ಪೆಟ್ಟಾಯಿತೇ ಎಂಬ ಪ್ರಶ್ನೆ ಅದರಲ್ಲಿ ಸಿಗುವುದಿಲ್ಲ. ಹಲ್ಲಿಯಿಂದ ನಮಗೇನಾಗುತ್ತದೆ ಎಂಬುದಷ್ಟೇ ಅದರ ಚಿಂತೆ. ಧಮ್ಮ ಈ ಪ್ರಶ್ನೆಯನ್ನೇ ತಿರುಗಿಸುತ್ತದೆ. ಹಲ್ಲಿಗೆ ಏನಾಗಿದೆ? ಯಾವ ಕಾರಣದಿಂದ ಆಗಿದೆ? ಆ ಕಾರಣ ತೆಗೆದರೆ ಹೋಗುತ್ತದೆಯೇ? ಪ್ರತೀತ್ಯ ಸಮುತ್ಪಾದವನ್ನು ನಾವು ದೊಡ್ಡ ಗ್ರಂಥಗಳಲ್ಲಿ ಓದುತ್ತೇವೆ. ಅದನ್ನು ಒಂದು ಗಾಜಿನ ಪೆಟ್ಟಿಗೆಯ ಮುಂದೆ ಕೂತೂ ಕಲಿಯಬಹುದು.

*ಎರಡನೆಯದು, ಶೀಲದ ಮಾತು.*

‘ಬುದ್ಧ ಮತ್ತು ಅವನ ಧಮ್ಮ’ ಗ್ರಂಥದಲ್ಲಿ ಬಾಬಾಸಾಹೇಬರು ಅಹಿಂಸೆಯನ್ನು ಚರ್ಚಿಸುವಾಗ ಎರಡು ವಿಷಯಗಳನ್ನು ಬೇರೆ ಮಾಡಿ ತೋರಿಸುತ್ತಾರೆ. ಒಂದು ಕೊಲ್ಲುವ ಅಗತ್ಯ, ಇನ್ನೊಂದು ಕೊಲ್ಲುವ ಇಚ್ಛೆ. ಬುದ್ಧರು ನಿಷೇಧಿಸಿದ್ದು ಅಗತ್ಯವಿಲ್ಲದ, ಬರೀ ಇಚ್ಛೆಯ ಕೊಲೆಯನ್ನು ಎನ್ನುತ್ತಾರೆ. ಅಹಿಂಸೆ ಕಣ್ಣುಮುಚ್ಚಿ ಪಾಲಿಸುವ ನಿಯಮವಲ್ಲ, ಯೋಚಿಸಿ ನಡೆಯಬೇಕಾದ ತತ್ವ ಎನ್ನುತ್ತಾರೆ.

ಈ ಹಲ್ಲಿಯ ದೇಹ ಹುಳ ತಿಂದೇ ಬದುಕುವಂಥದ್ದು. ಅದಕ್ಕೆ ಅನ್ನ, ಸೊಪ್ಪು ಹಾಕಿ ‘ಸಸ್ಯಾಹಾರಿ’ ಮಾಡಹೊರಟರೆ ಅದು ಸಾಯುತ್ತದೆ. ಹಾಗಾಗಿ ಹುಳ ಹಾಕುವುದು ಅಗತ್ಯ. ಆದರೆ ಗೆಳೆಯರನ್ನು ಕರೆದು, ಮೊಬೈಲ್ ಹಿಡಿದು, ‘ಹೆಂಗೆ ಹಿಡಿಯುತ್ತೆ ನೋಡ್ರೋ’ ಎಂದು ಒಂದರ ಮೇಲೊಂದು ಹುಳ ಎಸೆದರೆ ಅಲ್ಲಿಗೆ ಇಚ್ಛೆ ಬಂತು. ಕೈ ಮಾಡಿದ ಕೆಲಸ ಒಂದೇ, ಮನಸ್ಸು ಬೇರೆ. ಇಂಥ ಪ್ರಾಣಿಯನ್ನು ಮನೆಗೆ ತರುವ ಮೊದಲೇ ಈ ಯೋಚನೆ ಬರಬೇಕು. ತಂದಾದ ಮೇಲೆ ಅದರ ಹಸಿವು ನಮ್ಮ ಹೊಣೆ.

*ಮೂರನೆಯದು, ಆರೈಕೆಯ ಮಾತು.* ಇದೇ ಮುಖ್ಯ.

ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗ ಬರುತ್ತದೆ. ಒಬ್ಬ ಭಿಕ್ಕು ಹೊಟ್ಟೆಯ ಕಾಯಿಲೆಯಿಂದ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ಅವನಿಂದ ತಮಗೇನೂ ಉಪಯೋಗವಿಲ್ಲ ಎಂದು ಉಳಿದ ಭಿಕ್ಕುಗಳು ಅವನ ಕಡೆ ತಿರುಗಿಯೂ ನೋಡಿರಲಿಲ್ಲ. ಭಗವಾನ್ ಬುದ್ಧರು ಆನಂದನಿಂದ ನೀರು ತರಿಸಿ, ತಾವೇ ನೀರೆರೆದರು. ಆನಂದ ಮೈ ತೊಳೆದ. ಇಬ್ಬರೂ ಸೇರಿ ಅವನನ್ನು ಎತ್ತಿ ಮಂಚದ ಮೇಲೆ ಮಲಗಿಸಿದರು. ನನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಎಂಬ ಅರ್ಥದ ಮಾತನ್ನು ಅವರು ಹೇಳಿದ್ದು ಅಂದೇ. ಒಳ್ಳೆಯ ಆರೈಕೆಗಾರನಿಗೆ ಇರಬೇಕಾದ ಐದು ಗುಣಗಳೂ ಅಲ್ಲೇ ಬರುತ್ತವೆ. ಆ ಐದನ್ನೂ ಹಿಡಿದು ನಮ್ಮ ಹಲ್ಲಿಯ ಹತ್ತಿರ ಹೋಗೋಣ.

*1. ಔಷಧ ಸಿದ್ಧಪಡಿಸಲು ಬಲ್ಲವನು.* ಹಲ್ಲಿಯ ಮೈಗೆ ಸ್ವಂತ ಶಾಖವಿಲ್ಲ. ಹೊರಗಿನ ಬಿಸಿಯಿಂದಲೇ ಅದರ ಹೊಟ್ಟೆ ನಡೆಯಬೇಕು. ಈ ಜಾತಿ ಅಫ್ಘಾನಿಸ್ತಾನ, ಪಾಕಿಸ್ತಾನ, ವಾಯವ್ಯ ಭಾರತದ ಒಣನೆಲದ್ದು. ಪೆಟ್ಟಿಗೆಯ ಒಂದು ತುದಿಯ ನೆಲ ಸುಮಾರು 32 ಡಿಗ್ರಿ ಬೆಚ್ಚಗಿರಬೇಕು, ಇನ್ನೊಂದು ತುದಿ 25ರ ಆಸುಪಾಸು ತಂಪಾಗಿರಬೇಕು. ಬೆಂಗಳೂರಿನ ಚಳಿಗಾಲದ ರಾತ್ರಿಯಲ್ಲಿ ಬಿಸಿ ಸಾಲದಿದ್ದರೆ ತಿಂದದ್ದು ಅರಗುವುದಿಲ್ಲ. ಅರಗದ ಹೊಟ್ಟೆ ಊಟ ಕೇಳುವುದೂ ಇಲ್ಲ. ಹಾಗಾಗಿ ಮೊದಲ ಔಷಧ ಒಂದು ಥರ್ಮಾಮೀಟರ್.

*2. ಹಿತ ಯಾವುದು, ಅಹಿತ ಯಾವುದು ಬಲ್ಲವನು.* ಹಿತವನ್ನು ಕೊಡಬೇಕು, ಅಹಿತವನ್ನು ತೆಗೆಯಬೇಕು. ಪೊರೆ ಬಿಡುವ ದಿನಗಳಲ್ಲಿ, ಹೊಸ ಜಾಗಕ್ಕೆ ಬಂದ ಮೊದಲ ವಾರಗಳಲ್ಲಿ, ಚಳಿಗಾಲದಲ್ಲಿ, ಕೂಡುವ ಕಾಲದಲ್ಲಿ ಇವು ಊಟ ಬಿಡುವುದುಂಟು. ಬಲಿತ ಹಲ್ಲಿ ಬಾಲದಲ್ಲಿ ಕೊಬ್ಬು ಕೂಡಿಟ್ಟಿರುತ್ತದೆ. ನಮ್ಮ ಮನೆಗಳಲ್ಲಿ ಮಳೆಗಾಲಕ್ಕೆ ಕಾಳು ಕೂಡಿಡುವ ಹಾಗೆ. ಬಾಲ ದಪ್ಪಗಿದ್ದು ಹಲ್ಲಿ ಚುರುಕಾಗಿದ್ದರೆ ಕೆಲವು ದಿನದ ಉಪವಾಸಕ್ಕೆ ಗಾಬರಿ ಬೇಡ. ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ಬಾಲ ಸಣ್ಣಗಾಗುತ್ತಿದ್ದರೆ, ಕಣ್ಣು ಒಳಸೇರಿದ್ದರೆ, ಬಾಯಿ ಊದಿದ್ದರೆ, ವಾಂತಿ ಭೇದಿ ಇದ್ದರೆ, ಅಥವಾ ಹಲ್ಲಿ ಇನ್ನೂ ಮರಿಯಾಗಿದ್ದರೆ ಕಾಯಬೇಡಿ. ಸರೀಸೃಪಗಳನ್ನು ನೋಡುವ ಪಶುವೈದ್ಯರ ಬಳಿ ಹೋಗಿ. ಅಂಥವರು ಎಲ್ಲ ಕಡೆ ಸಿಗುವುದಿಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು.

ಇನ್ನು ಅಹಿತ. ನೆಲಕ್ಕೆ ಹಾಕಿದ ಸಡಿಲ ಮರಳು ಹೊಟ್ಟೆ ಸೇರಿ ಕಟ್ಟಿಕೊಳ್ಳಬಹುದು, ಅದನ್ನು ತೆಗೆಯಿರಿ. ತಿನ್ನದೆ ಬಿಟ್ಟ ಕ್ರಿಕೆಟ್ ಹುಳಗಳನ್ನೂ ರಾತ್ರಿ ಒಳಗೆ ಬಿಡಬೇಡಿ, ಅವು ಹಲ್ಲಿಯನ್ನೇ ಕಚ್ಚುತ್ತವೆ. ವೈದ್ಯರು ಹೇಳದೆ ಬಾಯಿ ಬಿಡಿಸಿ ತುರುಕಬೇಡಿ. ದವಡೆಗೆ ಪೆಟ್ಟಾಗಬಹುದು, ಆಹಾರ ಉಸಿರಿನ ದಾರಿಗೆ ಹೋಗಬಹುದು.

*3. ಲಾಭಕ್ಕಲ್ಲ, ಮೈತ್ರಿಯಿಂದ ಮಾಡುವವನು.* ಹಲ್ಲಿಯಿಂದ ನಮಗೇನು ಲಾಭ ಎಂದು ಕೇಳಬಹುದು. ಒಂದಿದೆ. ಅದು ತಿಂದರೆ *ನನ್ನ* ತಳಮಳ ನಿಲ್ಲುತ್ತದೆ. ಅರ್ಧ ಗಂಟೆಗೊಮ್ಮೆ ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು, ಹುಳವನ್ನು ಮೂತಿಗೆ ತಾಗಿಸಿ ನೋಡುವುದು ಯಾರ ಸಮಾಧಾನಕ್ಕೆ? ಮುಸ್ಸಂಜೆಗೆ ಎದ್ದು ಓಡಾಡುವ, ಬಚ್ಚಿಟ್ಟುಕೊಂಡು ಬದುಕುವ ಜೀವಿಗೆ ಅದು ಹಿಂಸೆ. ಪ್ರೀತಿ ಸಾಲದು, ಮೈತ್ರಿ ಬೇಕು ಎಂದು ಬಾಬಾಸಾಹೇಬರು ವಿವರಿಸಿದ್ದಾರೆ. ಮೈತ್ರಿ ಮನುಷ್ಯರನ್ನೂ ದಾಟಿ ಎಲ್ಲ ಜೀವಿಗಳ ತನಕ ಹೋಗುವಂಥದ್ದು. ಪ್ರೀತಿ ‘ನೀನು ತಿನ್ನು’ ಎಂದು ಹಟ ಹಿಡಿಯಬಹುದು. ಮೈತ್ರಿ ‘ನಿನಗೇನು ಬೇಕು’ ಎಂದು ನೋಡುತ್ತದೆ. ಬೇಕಾದದ್ದು ಕತ್ತಲೆ ಮತ್ತು ಮೌನವಾದರೆ ಅದನ್ನೇ ಕೊಟ್ಟು ದೂರ ಕೂರುತ್ತದೆ.

*4. ಮಲಮೂತ್ರ ಎತ್ತಲು ಹೇಸದವನು.* ಊಟ ಬಿಟ್ಟ ಹಲ್ಲಿಯ ಕಾಯಿಲೆ ತಿಳಿಯಲು ವೈದ್ಯರು ಮೊದಲು ಕೇಳುವುದರಲ್ಲಿ ಅದರ ಮಲವೂ ಒಂದು. ಪರಾವಲಂಬಿ ಜೀವಿಗಳಿದ್ದರೆ ಅದರಲ್ಲೇ ಗೊತ್ತಾಗುತ್ತದೆ. ಅದನ್ನು ಎತ್ತಿ ಡಬ್ಬಿಗೆ ಹಾಕಿ ಒಯ್ಯಬೇಕು. ಬಂಧುಗಳೇ, ಇಲ್ಲಿ ಒಂದು ಗಳಿಗೆ ನಿಲ್ಲೋಣ. ಈ ದೇಶದಲ್ಲಿ ಹೊಲಸು ಎತ್ತುವ ಕೆಲಸವನ್ನು ಹುಟ್ಟಿಗೆ ಕಟ್ಟಿ ನಮ್ಮ ಹಿರಿಯರ ತಲೆಯ ಮೇಲೆ ಹೊರಿಸಿದರು. ಹೊತ್ತವರನ್ನು ಮುಟ್ಟಬಾರದವರು ಅಂದರು. ಜನರನ್ನು ಗುಂಡಿಗಿಳಿಸುವುದು ಇವತ್ತಿಗೂ ಪೂರ್ತಿ ನಿಂತಿಲ್ಲ. ಶಾಕ್ಯ ಕುಲದಲ್ಲಿ ಹುಟ್ಟಿದ ಬುದ್ಧರು ಆ ಭಿಕ್ಕುವಿನ ಮೈಯ ಹೊಲಸು ಹೋಗಲು ತಾವೇ ನೀರೆರೆದರು. ಅದು ಯಾವ ಜಾತಿಯ ಕೆಲಸವೂ ಅಲ್ಲ, ಆರೈಕೆ ಮಾಡುವವರ ಕೆಲಸ ಎಂದು ಕೈಯಿಂದಲೇ ತೋರಿಸಿದರು. ಹಲ್ಲಿ ಸಾಕಿದ ಹುಡುಗ ತಾನೇ ಪೆಟ್ಟಿಗೆ ತೊಳೆಯಲಿ. ಅಮ್ಮನಿಗಾಗಲಿ, ಮನೆಗೆಲಸದವರಿಗಾಗಲಿ ಬಿಡದಿರಲಿ. ಹೇಸದಿರುವುದೆಂದರೆ ಅಜಾಗ್ರತೆಯಲ್ಲ. ಸರೀಸೃಪಗಳಿಂದ ಸಾಲ್ಮೊನೆಲ್ಲ ಬ್ಯಾಕ್ಟೀರಿಯಾ ಹರಡಬಹುದು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು.

*5. ಧಮ್ಮದ ಮಾತಿನಿಂದ ರೋಗಿಯ ಮನಸ್ಸು ಅರಳಿಸುವವನು.* ಹಲ್ಲಿಗೆ ನಮ್ಮ ಉಪದೇಶ ಬೇಡ. ಇದು ಬೇಕಾಗಿರುವುದು ಊಟ ಬಿಟ್ಟ ಹುಡುಗನಿಗೆ. ಧಮ್ಮಪದದ ಅಟ್ಠಕಥೆಯಲ್ಲಿ ಆಳವಿಯ ಬಡ ರೈತನ ಕಥೆ ಇದೆ. ಕಳೆದುಹೋದ ಎತ್ತು ಹುಡುಕಿ ಹಸಿದು ಬಂದ ಅವನಿಗಾಗಿ ಬುದ್ಧರು ಉಪದೇಶ ನಿಲ್ಲಿಸಿ ಕಾದರು. ಮೊದಲು ಅವನಿಗೆ ಊಟ ಹಾಕಿಸಿ ಆಮೇಲೆ ಧಮ್ಮ ಹೇಳಿದರು. ಭಿಕ್ಕುಗಳು ಗೊಣಗಿದಾಗ, ಹಸಿವಿಗಿಂತ ದೊಡ್ಡ ರೋಗವಿಲ್ಲ ಎಂದು ತಿಳಿಹೇಳಿದರು. ಹಾಗಾಗಿ ಮನೆಯಲ್ಲೂ ಮೊದಲು ತಟ್ಟೆ, ಆಮೇಲೆ ಮಾತು. ನೀನು ಉಪವಾಸ ಕೂತರೆ ಅದರ ಹೊಟ್ಟೆ ತುಂಬುವುದಿಲ್ಲ, ನಿನ್ನ ಕೈ ಗಟ್ಟಿಯಿದ್ದರೆ ಅದಕ್ಕೆ ಆಸರೆ ಎಂದು ಪಕ್ಕದಲ್ಲಿ ಕೂತು ಹೇಳಬೇಕು.

ಇಷ್ಟೆಲ್ಲ ಮಾಡಿದರೂ ಆ ಜೀವ ಉಳಿಯದೆ ಹೋಗಬಹುದು. ಕಾರಣಗಳೆಲ್ಲ ನಮ್ಮ ಕೈಯಲ್ಲಿಲ್ಲ. ಮಾಡಬೇಕಾದದ್ದನ್ನು ಮಾಡಿದ ಮೇಲೆ ಬರುವ ಸಮಚಿತ್ತವೇ ಉಪೇಕ್ಷೆ. ಮಾಡದೆ ಕೈಕಟ್ಟಿ ಕೂತು ‘ಎಲ್ಲ ಅನಿತ್ಯ’ ಅಂದರೆ ಅದು ಉಪೇಕ್ಷೆಯಲ್ಲ, ಉದಾಸೀನ. ಸತ್ತರೆ ದೋಷವಿಲ್ಲ, ಉಳಿದರೆ ಪವಾಡವಿಲ್ಲ. ಒಂದು ಜೀವವನ್ನು ಅದರ ಕಡೆಯಿಂದ ನೋಡಲು ಕಲಿತ ಮಗ ಮನೆಯಲ್ಲಿ ಉಳಿಯುತ್ತಾನೆ.

*ಇಂದಿನ ಅಭ್ಯಾಸ:* ನೀವು ಆರೈಕೆ ಮಾಡುವ ಒಂದು ಜೀವವನ್ನು ನೆನೆಯಿರಿ. ವಯಸ್ಸಾದ ಅತ್ತೆಯಾಗಿರಲಿ, ಹಟ ಮಾಡುವ ಮಗುವಾಗಿರಲಿ, ಬೀದಿ ನಾಯಿಯಾಗಿರಲಿ. ಇವತ್ತು ಅವರಿಗೆ ಏನನ್ನಾದರೂ ಕೊಡುವ ಮೊದಲು ಐದು ನಿಮಿಷ ಸುಮ್ಮನೆ ಗಮನಿಸಿ. ಇದು ಅವರ ಅಗತ್ಯವೋ, ನನ್ನ ಸಮಾಧಾನವೋ ಎಂದು ಕೇಳಿಕೊಳ್ಳಿ.

ಸಾಧು, ಸಾಧು, ಸಾಧು.
ಜೈ ಭೀಮ್. ನಮೋ ಬುದ್ಧಾಯ.